ಹಗುರ ಕುಂಡ

ರಾಯದುರ್ಗದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ತೊಟ್ಟಿಲಿಗೆ ಹಾಕುವ ದಿನ ಎದುರು ಮನೆಯ ಅಕ್ಕ ಒಂದು ಸಸಿ ತರುತ್ತಿದ್ದಳು. ಗಂಡು ಕೂಸಾದರೆ ಹಿತ್ತಲಲ್ಲಿ ನೆಡಲು ತೆಂಗು, ಹೆಣ್ಣಾದರೆ ಕುಂಡದಲ್ಲಿ ತುಳಸಿ. ಗಂಡ ಬಿಟ್ಟ ಮೇಲೆ ಆಕೆ ತಮ್ಮನ ಮನೆಯಲ್ಲಿದ್ದಳು. ಅಲ್ಲಿನ ಅಡುಗೆ, ಬಟ್ಟೆ, ದನ ಎಲ್ಲ ಆಕೆಯ ಪಾಲಿಗೇ.

ನನ್ನ ಮಗಳಿಗೂ ಕುಂಡವೇ ಬಂತು. ಸೆರಗಿನಿಂದ ಅದರ ಮಣ್ಣು ಒರೆಸಿ ತೊಟ್ಟಿಲ ಪಕ್ಕ ಇಟ್ಟಳು.

"ಯಾಕಕ್ಕಾ, ನನ್ನ ಮಗಳಿಗೆ ತೆಂಗು ದಕ್ಕಂಗಿಲ್ಲೇನು?" ಎಂದೆ.

"ಹೆಣ್ಣು ಕೂಸಲ್ಲೇನವ್ವಾ, ಹೊತ್ಕೊಂಡು ಹೋಗಾಕ ಬರಬೇಕು."

ಎಲ್ಲ ಮನೆಯಲ್ಲೂ ಆಕೆಯದು ಇದೇ ಮಾತು. ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ಹೋದ ವರ್ಷ ತಮ್ಮನ ಮಗನಿಗೆ ಮದುವೆಯಾಯಿತು. ಅವನು ಹುಟ್ಟಿದಾಗ ಆಕೆ ನೆಟ್ಟಿದ್ದ ತೆಂಗಿನ ಮರದ ಕಾಯಿಯನ್ನೇ ಕಳಸಕ್ಕೆ ಇಟ್ಟರು. ಹೊಸ ಜೋಡಿಗೆ ಆಕೆಯ ಕೋಣೆ ಬೇಕಾಯಿತು.

"ಡಿ. ಹಿರೇಹಾಳದಾಗ ತಂಗಿ ಅದಾಳಲ್ಲ, ನಾಕು ದಿನ ಇದ್ದು ಬಾ," ಎಂದ ತಮ್ಮ. ಮತ್ತೆ ಕರೆಯಲಿಲ್ಲ.

ಹೊರಟ ದಿನ ಆಕೆಯ ಜೊತೆ ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ಹೋದೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತನ್ನ ತುಳಸಿ ಕುಂಡ. ಕುಂಡ ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ.

"ಹಗುರ ಐತವ್ವಾ."

ನೇಮಕಲ್ಲು ಹನುಮಪ್ಪನ ದಯೆ, ಬಸ್ಸಿನಲ್ಲಿ ಆಕೆಗೂ ಕುಂಡಕ್ಕೂ ಜಾಗ ಸಿಕ್ಕಿತು.