ಒಗ್ಗರಣೆ ಡಬ್ಬಿಯ ನಾಲ್ಕು ಚಾನೆಲ್ಲು

ನಾದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರಲ್ಲಿ ಯಾರೂ ನಮ್ಮ ಕನ್ನಡ ಸಂಘದ ದಸರಾ ಕಾರ್ಯಕ್ರಮಕ್ಕೆ ಬಂದವರಲ್ಲ. ಅಲ್ಲಿ ವೀಣೆಯ ನಾದಕ್ಕೆ ಮೂರನೇ ಸಾಲಿನ ಕುರ್ಚಿಯೇ ಅಂತ್ಯ.

ನನ್ನ ಹೆಂಡತಿ ಮೂವರು ಗೆಳತಿಯರನ್ನು ಸೇರಿಸಿಕೊಂಡು ಒಂದು ವೃಂದ ಕಟ್ಟಿದ್ದಾಳೆ: ಎರಡು ವೀಣೆ, ಒಂದು ಪಿಟೀಲು, ಒಂದು ಮ್ಯಾಂಡೊಲಿನ್. ಕಳೆದ ದಸರಾದಲ್ಲಿ ಅರ್ಧ ಗಂಟೆ ನುಡಿಸಿದರು. ಮುಗಿದ ಮೇಲೆ ಹಿಂದಿನ ಸಾಲಿನವರೊಬ್ಬರು ಬಂದು, "ಯಾವಾಗ ಶುರು ಮಾಡ್ತೀರಾ?" ಎಂದು ಕೇಳಿದರು. ಈ ಸಲವೂ ಕೇಳಿಸದಿದ್ದರೆ ಆ ಹೊತ್ತನ್ನು ಮಕ್ಕಳ ಸಿನಿಮಾ ಡ್ಯಾನ್ಸಿಗೆ ಕೊಡಬೇಕಾಗುತ್ತದೆ ಎಂದು ಸಂಘದ ಕಾರ್ಯದರ್ಶಿ ಬಹಳ ವಿನಯದಿಂದ ತಿಳಿಸಿದರು. ಹೆಂಡತಿ ವೀಣೆಗೆ ಗವಸು ಹಾಕಿ ಮೂಲೆಗಿಟ್ಟಳು.

ಆಗ ನಾನು ರಂಗಪ್ರವೇಶ ಮಾಡಿದೆ. ವಾದ್ಯದ ಮೈಗೆ ಅಂಟಿಸಿದರೆ ನಾದ ಹಿಡಿಯುವ, ಬಿಲ್ಲೆಯಂಥ ಪಿಕಪ್ಪು ಸಿಗುತ್ತದೆ. ಅದರ ದನಿ ಬಲು ಕ್ಷೀಣ. ನಾಲ್ಕು ಪಿಕಪ್ಪಿನ ದನಿಯನ್ನೂ ಹಿಗ್ಗಿಸಿ, ಹದವಾಗಿ ಬೆರೆಸಿ ಸ್ಪೀಕರಿಗೆ ಕಳಿಸುವ ನಾಲ್ಕು ಚಾನೆಲ್ಲಿನ ಪೆಟ್ಟಿಗೆ ಬೇಕು.

"ಕೊಂಡ್ಕೊಂಡ್ರೆ ಆಗಲ್ವೇನ್ರೀ?" ಎಂದಳು.

ಎಲೆಕ್ಟ್ರಾನಿಕ್ಸ್ ಓದಿ, ಪರದೇಶಕ್ಕೆ ಬಂದು, ಮೆನ್ಲೋ ಪಾರ್ಕಿನ ಕಂಪನಿಯಲ್ಲಿ ಬರೀ ಮೀಟಿಂಗು ಮಾಡಿ ಸವೆದವನಿಗೆ ಕೇಳುವ ಪ್ರಶ್ನೆಯೇ ಅದು?

ಗ್ಯಾರೇಜಿನಲ್ಲಿ ಸರ್ಕ್ಯೂಟು ಸಿದ್ಧವಾಯಿತು. ಹೊರಗಿನ ಕರೆಂಟಿನ ಗುಂಯ್‌ಗಾಟ ಒಳಗೆ ನುಸುಳದಂತೆ ಲೋಹದ ಕವಚವೊಂದು ಬೇಕಿತ್ತು. ಅಡುಗೆಮನೆಗೆ ಹೋದರೆ ಒಗ್ಗರಣೆ ಡಬ್ಬಿ ನನ್ನನ್ನೇ ನೋಡುತ್ತಿತ್ತು. ಅಪ್ಪಟ ಸ್ಟೀಲು, ಬಿಗಿಯಾದ ಮುಚ್ಚಳ. ಸಾಸಿವೆ, ಜೀರಿಗೆಗಳನ್ನು ಸಕಲ ಗೌರವಗಳೊಂದಿಗೆ ಮೊಸರಿನ ಖಾಲಿ ಡಬ್ಬಗಳಿಗೆ ವರ್ಗಾಯಿಸುತ್ತಿದ್ದಾಗ ಅತ್ತೆ ಬಂದರು. ಮಗಳ ಮನೆಗೆಂದು ಧಾರವಾಡದಿಂದ ಬಂದಿದ್ದರು.

"ಅಳಿಯಂದ್ರ, ಅದು ನಾ ತಂದ ಡಬ್ಬಿ."

"ನಿಮ್ಮ ಮಗಳ ಸಂಗೀತಕ್ಕೇ, ಅತ್ತೆ."

"ಸಂಗೀತ ಇರ್ಲಿ. ಸಾರಿಗೆ ಒಗ್ಗರಣಿ ಎದರಾಗಿಂದ ಹಾಕೂಣು?"

ಒಂದೇ ತೊಡಕು. ಗುಂಯ್ ಸದ್ದನ್ನು ಅಡಗಿಸಲು ಒಳಗಿನ ಅರ್ತ್ ವೈರನ್ನು ಡಬ್ಬಿಗೆ ಬೆಸೆಯಬೇಕು, ಸ್ಟೀಲಿಗೆ ನನ್ನ ಸೋಲ್ಡರು ಹಿಡಿಯಲಿಲ್ಲ. ಕರಗಿದ ಹನಿ ಗೋಲಿಯಂತೆ ಉರುಳಿಹೋಯಿತು. ಟೇಪು ಹಚ್ಚಿದೆ. ಮನೆಯಲ್ಲಿ ನುಡಿಸಿ ನೋಡಿದಾಗ ಪಕ್ಕದ ಮನೆಯ ನಾಯಿ ಬೊಗಳಿತು. ಯಶಸ್ಸೆಂದು ತಿಳಿದೆವು.

ಕಾರ್ಯಕ್ರಮದ ದಿನ ಡಬ್ಬಿ ಅತ್ತೆಯ ತೊಡೆಯೇರಿ ಫ್ರೀವೇ ದಾಟಿ ಬಂತು. ವೇದಿಕೆಯ ಮೇಲೆ ಸ್ವಿಚ್ಚು ಹಾಕಿದೆ. ಗುಂಯ್! ದಾರಿಯಲ್ಲಿ ಟೇಪು ಕಿತ್ತುಹೋಗಿರಬೇಕು. ಪರದೆ ಏಳುವುದರಲ್ಲಿತ್ತು, ಬಿಚ್ಚಿ ನೋಡಲು ಹೊತ್ತಿರಲಿಲ್ಲ. ಗಾಬರಿಯಲ್ಲಿ ಮುಚ್ಚಳದ ಮೇಲೆ ಅಂಗೈ ಊರಿದೆ. ನಿಶ್ಶಬ್ದ. ಕೈ ತೆಗೆದೆ, ಗುಂಯ್. ದೇವರ ಮುಂದಿದ್ದ ತೆಂಗಿನಕಾಯಿಯನ್ನು ಹೇರಿ ನೋಡಿದೆ. ಆಗಲೂ ಗುಂಯ್. ಡಬ್ಬಿಗೆ ಭಾರ ಬೇಕಿರಲಿಲ್ಲ, ಅರ್ತ್ ವೈರಿನ ಬದಲಿಗೆ ನಾನೇ ಬೇಕಿತ್ತು.

"ರೀ, ಹಾಗೇ ಕೈ ಇಟ್ಕೊಂಡು ಕೂತ್ಬಿಡಿ," ಎಂದಳು ಹೆಂಡತಿ.

"ಅರ್ಧ ಗಂಟೆನಾ?"

"ಅಲ್ಲಾಡಬೇಡಿ."

ಪರದೆ ಎದ್ದಿತು. ರೇಷ್ಮೆ ಸೀರೆಯ ನಾಲ್ವರ ನಡುವೆ ಟೀ ಶರ್ಟಿನ ನಾನು, ಸ್ಟೀಲ್ ಡಬ್ಬಿಗೆ ಆಶೀರ್ವಾದ ಮಾಡುತ್ತಿರುವವನಂತೆ. ಬಲಗೈ ಮೀಸಲಾಗಿತ್ತು. ಬಿಡುವಾಗಿದ್ದ ಎಡಗೈಯಲ್ಲಿ ತಾಳ ಹಾಕಿದೆ. ಪಿಟೀಲಿನವರು ಕೆಕ್ಕರಿಸಿ ನೋಡಿದ ಮೇಲೆ ಅದನ್ನೂ ನಿಲ್ಲಿಸಿದೆ. ವೀಣೆ ಕೊನೆಯ ಸಾಲಿನವರೆಗೂ ಹೋಯಿತು. ಅಲ್ಲೊಬ್ಬರು ತಲೆದೂಗುತ್ತಿದ್ದರು. ಹೆಂಡತಿ ನುಡಿಸುತ್ತಲೇ ಅವರನ್ನು ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

ಕೊನೆಗೆ ಕಾರ್ಯದರ್ಶಿ ಐವರಿಗೂ ಶಾಲು ಹೊದಿಸಿದರು. ನನ್ನ ಬಳಿ ಬಂದು ಪಿಸುಗುಟ್ಟಿದರು: "ಸಾರ್, ಇದು ಯಾವ ವಾದ್ಯ?"

ಮೊದಲ ಸಾಲಿನಲ್ಲಿದ್ದ ಅತ್ತೆಯ ಕಿವಿ ಚುರುಕು. "ಅದಾ? ಒಗ್ಗರಣಿ ಡಬ್ಬಿ!"

"ಉತ್ತರ ಕರ್ನಾಟಕದ್ದಾ, ಅಮ್ಮ?"

"ಹೌದಪ್ಪಾ, ಧಾರವಾಡದ್ದು."

ವೈರನ್ನು ಈಗ ಬೋಲ್ಟು ಹಾಕಿ ಬಿಗಿದಿದ್ದೇನೆ, ಕೈ ಇಡಬೇಕಾಗಿಲ್ಲ. ಮುಂದಿನ ದಸರಾದಲ್ಲಿ ವೃಂದಕ್ಕೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಕಲಾವಿದರು ಐದು ಮಂದಿ.