ರಾಕ್ಷಸನಿಗೆ ಮಚ್ಚೆ ಯಾಕೆ?

ಕಳೆದ ಬುಧವಾರ ಭೇರ್ಯದ ಬಸ್ ಸ್ಟಾಪಿನಲ್ಲಿ ನನ್ನ ಗಂಡನ ಮುಖ ನೋಡಿ ಒಂದು ಮಗು ಕಿಟಾರನೆ ಕಿರುಚಿತು.

ಅವರು ಏನೂ ಮಾಡಿರಲಿಲ್ಲ. ಕೈಯಲ್ಲೊಂದು ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದರು. (ನಾನು ಪಕ್ಕದಲ್ಲೇ ಇದ್ದೆ, ಸಾಕ್ಷಿ ಹೇಳಲು ಸಿದ್ಧ.) ಮಗುವಿನ ತಾಯಿ ಅದನ್ನು ಸಮಾಧಾನ ಮಾಡುತ್ತಾಳೆ ಅಂದುಕೊಂಡೆ. ಆಕೆ ಕೈಯಲ್ಲಿದ್ದ ಬಾಳೆಹಣ್ಣನ್ನು ಅದರ ಬಾಯಿಗೆ ಹಿಡಿದಳು.

"ನೋಡ್ದಾ? ತಿನ್ನದಿದ್ರೆ ಕೆಳಗಿಳ್ದು ಬತ್ತಾನೆ ಅಂದಿರ್ನಿಲ್ವಾ? ಬಂದೇಬುಟ್ಟ ನೋಡು! ತಿನ್ನು ಬಿರ್ರನೆ!"

ಮಗು ಹಣ್ಣನ್ನು ಗಬಗಬ ನುಂಗಿತು. ಕೆಳಗಿಳಿದು ಅಂದರೆ ಎಲ್ಲಿಂದ ಇಳಿದು? ನಮ್ಮ ಯಜಮಾನರು ಆಕೆ ಕೈ ತೋರಿಸಿದ ಕಡೆ ನೋಡಿದರು. ರಸ್ತೆಯಾಚೆ ಯಾರೋ ಮಹಡಿ ಮನೆ ಕಟ್ಟಿಸುತ್ತಿದ್ದಾರೆ. ಅದರ ನೆತ್ತಿಯಲ್ಲಿ ಒಂದು ದೃಷ್ಟಿ ಗೊಂಬೆ ತೂಗುಹಾಕಿದ್ದಾರೆ. ಕೆಂಪು ಮುಖ, ಕೋರೆಹಲ್ಲು, ಎದೆವರೆಗೆ ಚಾಚಿದ ನಾಲಿಗೆ, ಹುರಿ ಮೀಸೆ, ಕೆಕ್ಕರಿಸಿದ ಕಣ್ಣು. ಅಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆ. ಎಡಹುಬ್ಬಿನ ಮೇಲೆ ಒಂದು ಮಚ್ಚೆಯೂ ಇತ್ತು.

ಅವರ ಕೈ ನಿಧಾನವಾಗಿ ತಮ್ಮ ಎಡಹುಬ್ಬಿಗೆ ಹೋಯಿತು. ಬಸ್ಸು ಬಂತು, ನಿಂತಿತು, ಹೋಯಿತು. ನಾವು ಹತ್ತಲಿಲ್ಲ.

"ಅಲ್ಲ ಕಣೇ," ಅಂದರು ಕೊನೆಗೆ, "ರಾಕ್ಷಸಂಗೆ ಮಚ್ಚೆ ಯಾಕೆ?"

ಏನಂತ ಉತ್ತರ ಕೊಡಲಿ ಹೇಳಿ? ಆ ಗೊಂಬೆ ಬರೆದವಳು ನಾನೇ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಹಸು ಕರೆಯುವುದಕ್ಕೆ ಮುಂಚೆ, ಹಿತ್ತಿಲ ಜಗಲಿಯಲ್ಲಿ ನಾನು ಚಿತ್ರ ಬರೆಯುತ್ತೇನೆ. ಮಗಳು ಸ್ಕೂಲಿನಲ್ಲಿ ಬಳಸಿ ಬಿಟ್ಟ ಬ್ರಷ್ಷಿನಿಂದ ಶುರುವಾದ ಹುಚ್ಚು ಇದು. ಟೀವಿಯಲ್ಲಿ ಫ್ಯಾಮಿಲಿ ಮತ್ತು ಪ್ಯಾಶನ್ ಎರಡನ್ನೂ ಬ್ಯಾಲೆನ್ಸ್ ಮಾಡಿ ಅಂತ ಹೇಳುತ್ತಾರಲ್ಲ, ಅಂಥವರ ಮನೆಯಲ್ಲಿ ಕರು ಹಗ್ಗ ಬಿಚ್ಚಿಕೊಳ್ಳುವುದಿಲ್ಲವೇನೋ. ನಮ್ಮನೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಸರಿಯಾಗಿ ನಾನು ಕಣ್ಣಿನ ಪಾಪೆ ಬರೆಯುವ ಹೊತ್ತಿಗೆ. ಆದರೂ ಆ ಹೊತ್ತು ನನ್ನದು. ಬಣ್ಣ ಅದ್ದಿದ ಬ್ರಷ್ ಕೈಗೆ ಬಂದರೆ ನನಗೆ ಖುಷಿ, ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

"ಗಿಣಿ ಬರ್ದು ಗಿಣಿಗೇನ್ ಉಪಕಾರ? ಅಷ್ಟೊತ್ತು ಅಕ್ಕಿ ಆರ್ಸಿದ್ರೆ ಮನೆಗಾದ್ರೂ ಆಯ್ತಿತ್ತು ಕಣವ್ವ," ಅನ್ನುವುದು ನಮ್ಮತ್ತೆಯ ಖಾಯಂ ಕಾಮೆಂಟ್. ಆದರೆ ನಮ್ಮೂರಿನ ಗಾರೆ ಮೇಸ್ತ್ರಿ ಮಹದೇವ ಒಂದು ದಿನ ನೀರು ಕುಡಿಯಲು ಬಂದವನು ನನ್ನ ಗಿಣಿಯನ್ನೇ ದಿಟ್ಟಿಸಿದ.

"ಅಕ್ಕೋ, ಈ ಗಿಣಿ ನೋಡುದ್ರೆ ಒಂಥರಾ ಭಯ ಆಯ್ತದಲ್ಲ! ನಮಗೊಂದು ದಿಷ್ಟಿ ಗೊಂಬೆ ಬರ್ಕೊಡಿ. ಅಂಗಡೀಲಿ ತರೋ ಪ್ಲಾಸ್ಟಿಕ್ಕಿನವು ನೋಡಿ ಕಾಗೆನೂ ಹೆದ್ರಲ್ಲ ಕಣಕ್ಕ."

ಬರೆದುಕೊಟ್ಟೆ. ಹಳೆಯ ಮೊರಕ್ಕೆ ಕಾಗದ ಅಂಟಿಸಿ, ಟ್ರ್ಯಾಕ್ಟರ್ ಟ್ರೈಲರಿಗೆ ಬಳಿದು ಮಿಕ್ಕಿದ್ದ ಕೆಂಪು ಪೇಂಟಿನಲ್ಲಿ. ನನ್ನ ಗಿಣಿಗೆ ಉಪಕಾರ ಸಿಗದಿದ್ದರೂ ನನ್ನ ರಾಕ್ಷಸನಿಗೆ ಡಿಮ್ಯಾಂಡ್ ಸಿಕ್ಕಿತು. ಭೇರ್ಯ, ಹೊಸ ಅಗ್ರಹಾರ, ಪಿರಿಯಾಪಟ್ಟಣ, ಹುಣಸೂರು, ಎಲ್ಲೆಲ್ಲಿ ಮಹದೇವನ ಕೆಲಸ ನಡೆಯುತ್ತದೋ ಅಲ್ಲೆಲ್ಲ ನನ್ನ ಮೊರ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಗೂ ಒಂದು ಕಟ್ಟಿದ್ದಾರಂತೆ. ನನ್ನ ಕೈಕೆಲಸ ನಾಲ್ಕು ಜನರ ಮನೆ ಕಾಯುತ್ತಿದೆ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ.

ಅದು ಇವರ ಮುಖ ಅಂತ ನನಗೆ ಹೊಳೆದಿರಲೇ ಇಲ್ಲ, ದೇವರಾಣೆ! ಭೇರ್ಯದಿಂದ ಮನೆಗೆ ಬಂದವಳೇ ಬರೆದದ್ದನ್ನೆಲ್ಲ ಹರವಿಕೊಂಡು ನೋಡಿದೆ. ಗಣಪತಿಗೆ ಇವರ ಹುಬ್ಬು. ಹಸುವಿಗೆ ಇವರ ಕಣ್ಣು. ಗಿಣಿಗೆ... ಬಿಡಿ, ಗಿಣಿಗೂ ಮಚ್ಚೆ ಇತ್ತು. ಮದುವೆಯಾದಾಗಿನಿಂದ ದಿನಾ ಎದುರಿಗೆ ಇರುವುದು ಒಂದೇ ಮುಖ. ಕೈ ಪಾಪ ಇನ್ನೇನನ್ನು ಬರೆದೀತು?

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಯಜಮಾನರು ಕರುವನ್ನೂ ಗದರಿಸಿದವರಲ್ಲ. ಊರಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನೋಡಿದವರಿಲ್ಲ. ನಾನು ನೋಡಿದ್ದೇನೆ. ಸಾರಿಗೆ ಉಪ್ಪು ಕಮ್ಮಿಯಾದಾಗ ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ತುತ್ತು ಬಾಯಲ್ಲಿಟ್ಟುಕೊಂಡು ಸುಮ್ಮನೆ ನನ್ನ ಕಡೆ ನೋಡುತ್ತಾರೆ, ಅಷ್ಟೇ. (ಓದುತ್ತಿರುವ ಹೆಂಗಸರೇ, ನಿಮಗೆ ಆ ಮುಖದ ಪರಿಚಯ ಮಾಡಿಕೊಡಬೇಕಾಗಿಲ್ಲ ತಾನೆ?) ಆ ನೋಟಕ್ಕೆ ನಾನು ಸೇರಿಸಿದ್ದು ಕೋರೆಹಲ್ಲು ಮತ್ತು ನಾಲಿಗೆ ಮಾತ್ರ.

ಅವರು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ರಾತ್ರಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಇಷ್ಟು ವರ್ಷ ನನ್ನ ಮುಖದಲ್ಲಿ ನಿಂಗೆ ಕಂಡಿದ್ದು ಅದೊಂದೇನಾ?" ಅಂದರು. ಆಮೇಲೆ, "ಇನ್ನು ಗೊಂಬೆ ಬ್ಯಾಡ ಕಣೇ. ಬ್ರಷ್ ಎತ್ತಿಡು," ಅಂದರು.

ಎತ್ತಿಟ್ಟೆ. ಮಧ್ಯಾಹ್ನ ಜಗಲಿಯಲ್ಲಿ ಅಕ್ಕಿ ಆರಿಸಿದೆ. ಅತ್ತೆಗೆ ಖುಷಿಯಾಯಿತು. ನನಗೆ ಅಳು ಬಂತು. ಬ್ರಷ್ ಹೋಯಿತು ಅಂತಲೂ, ಅವರು ಕೇಳಿದ್ದು ನಿಜವೇ ಇರಬಹುದು ಅಂತಲೂ. ಅವರು ನಗುವಾಗ ಹೇಗೆ ಕಾಣುತ್ತಾರೆ ಅಂತ ಕಣ್ಣು ಮುಚ್ಚಿ ನೆನೆಸಿಕೊಂಡೆ. ಬರಲಿಲ್ಲ. ನಗು ಎಲ್ಲ ಟೀ ಅಂಗಡಿಯಲ್ಲಿ ಖರ್ಚಾಗಿ, ಮನೆಗೆ ಬರುವಾಗ ಹಸಿವು ಮಾತ್ರ ಬರುತ್ತದಲ್ಲ!

ಎರಡು ದಿನಕ್ಕೆ ಮಹದೇವ ಓಡಿ ಬಂದ. ಬೆಟ್ಟದಪುರದಲ್ಲಿ ಮರುದಿನ ಒಂದು ಮನೆಗೆ ಮೋಲ್ಡ್ ಹಾಕುವುದಿತ್ತು. ಕಾಂಕ್ರೀಟ್ ಸುರಿಯುವ ದಿನ ದೃಷ್ಟಿ ಗೊಂಬೆ ಇಲ್ಲದೆ ಮನೆಯವರು ಗಾರೆ ಬಾಣಲೆ ಮುಟ್ಟಲೂ ಬಿಡುವುದಿಲ್ಲವಂತೆ.

"ಬರೆಯೋದು ಬಿಟ್ಬಿಟ್ಟೆ ಮಹದೇವ," ಅಂದೆ.

ಅವನು ತಲೆ ಕೆರೆದುಕೊಂಡ. ಜಗಲಿಯ ಮೇಲೆ ಕೂತಿದ್ದ ನಮ್ಮ ಯಜಮಾನರನ್ನು ನೋಡಿದ. ಇನ್ನೊಂದು ಸಲ ನೋಡಿದ. ಕೈ ಮುಗಿದ.

"ಅಣ್ಣ, ತಪ್ಪು ತಿಳ್ಕಬ್ಯಾಡಿ. ನಾಳೆ ಒಂದಿನ ನೀವೇ ಬಂದು ಕೂತ್ಕಬುಡಿ. ಒರಿಜಿನಲ್ಲೇ ಇರೋವಾಗ ಕಾಪಿ ಯಾಕೆ?"

ಇವರು ಎದ್ದು ಒಳಗೆ ಹೋಗುತ್ತಾರೆ ಅಂದುಕೊಂಡೆ. ಆದರೆ ಇವರ ಲಾಜಿಕ್ ಬೇರೆಯೇ ಓಡುತ್ತಿತ್ತು.

"ಬತ್ತೀನಿ ನಡಿ. ಇಡೀ ದಿನ ಕೂತಿರ್ತೀನಿ. ನನ್ನ ಮುಖ ನೋಡಿ ಒಬ್ಬ, ಒಬ್ಬನೇ ಒಬ್ಬ ಹೆದ್ರಲಿ. ಅವತ್ತು ಇವಳು ಬರ್ದಿದ್ದು ಸರಿ ಅಂತ ಒಪ್ಕತೀನಿ."

ಹಾಗಾಗಿ ಮಾರನೇ ದಿನ ನನ್ನ ಗಂಡ ದೃಷ್ಟಿ ಗೊಂಬೆಯಾಗಿ ಡ್ಯೂಟಿಗೆ ಹೋದರು. ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು. (ರಾಕ್ಷಸನಿಗೆ ಇಸ್ತ್ರಿ ಯಾಕೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.) ನಾನೂ ಊಟದ ಕ್ಯಾರಿಯರ್ ಹಿಡಿದು ಹೊರಟೆ. ನಮ್ಮಿಬ್ಬರನ್ನೂ ಸಿಮೆಂಟ್ ಮೂಟೆಯ ಜೊತೆ ಗೂಡ್ಸ್ ಆಟೋದಲ್ಲಿ ಕರೆದೊಯ್ದರು.

ಮನೆ ಯಜಮಾನಿ ಆಗಲೇ ಕುರ್ಚಿ ಹಾಕಿಸಿದ್ದರು, ರಸ್ತೆಗೆ ಮುಖ ಮಾಡಿ. ಇವರ ಮುಖವನ್ನು ಒಂದು ಸಲ ಅಳೆದು ನೋಡಿ, "ಮೇಸ್ತ್ರಿ ತೋರ್ಸಿದ ಗೊಂಬೆ ಫೋಟೋಗಿಂತ ಸ್ವಲ್ಪ ಸಣ್ಣವ್ರೆ. ಆದ್ರೂ ನಡೀತದೆ ಬುಡಿ," ಅಂತ ಪಾಸು ಮಾಡಿದರು. ಕಾಫಿ ಕೊಟ್ಟರು. ಕೊಡುವಾಗ ಮುಖವನ್ನು ಮಾತ್ರ ಅತ್ತ ತಿರುಗಿಸಿಕೊಂಡರು. ಪಕ್ಕದ ಮನೆಯಾತ ಹಸುವನ್ನೇ ಹಿಡಿದುಕೊಂಡು ಬಂದ.

"ಅಣ್ಣಾವ್ರೆ, ಯಾರ ಕಣ್ಣು ಬಿತ್ತೋ ಏನೋ, ಹಾಲು ಬತ್ತೋಗದೆ. ಇದ್ನೂ ಒಂದ್ಸಲ ದುರುಗುಟ್ಕಂಡು ನೋಡ್ಬುಡಿ."

ಇವರು ದುರುಗುಟ್ಟಲು ಪ್ರಯತ್ನಪಟ್ಟರು. ಹಸು ಹತ್ತಿರ ಬಂದು ಇವರ ಇಸ್ತ್ರಿ ಷರ್ಟಿನ ಜೇಬು ನೆಕ್ಕತೊಡಗಿತು. ಮೇಲೆ ಸಾರುವೆ ಮರಗಳ ಮೇಲೆ ನಿಂತಿದ್ದ ಆಳುಗಳು ಬಾಣಲೆ ಕೆಳಗಿಟ್ಟು ನಕ್ಕರು. ಇವರು ಹಸುವನ್ನು ನೋಡಿದರು, ಜೇಬು ನೋಡಿದರು. ಆಮೇಲೆ ತಲೆ ಹಿಂದಕ್ಕೆಸೆದು ನಕ್ಕರು.

ಆ ನಗುವನ್ನು ನೀವು ನೋಡಬೇಕಿತ್ತು. ಅಲ್ಲ, ನಾನು ನೋಡಬೇಕಿತ್ತು, ಎಷ್ಟೋ ವರ್ಷದ ಹಿಂದೆಯೇ. ಕಣ್ಣು ಎರಡು ಗೆರೆಯಾಗಿ ಹೋಯಿತು. ಕೆನ್ನೆ ಎರಡೂ ಮೇಲೆದ್ದವು. ಹುಬ್ಬಿನ ಸುತ್ತ ಸುಕ್ಕು ಎದ್ದು, ಆ ಮಚ್ಚೆ ಸುಕ್ಕಿನೊಳಗೆ ಮಾಯವೇ ಆಯಿತು! ನಾನು ಕ್ಯಾರಿಯರ್ ಹಿಡಿದುಕೊಂಡು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದೆ. ಇಂಥ ಮುಖವನ್ನು ಮನೆಯಲ್ಲಿಟ್ಟುಕೊಂಡು ನಾನು ಗಿಣಿ ಬರೆಯುತ್ತಿದ್ದೆನಲ್ಲ ಅಂತ ಹೊಟ್ಟೆ ಉರಿದುಹೋಯಿತು.

ಮಹದೇವ ಮಾತ್ರ ಗಾಬರಿಯಾಗಿ ಓಡಿ ಬಂದ. "ಅಕ್ಕಾ, ಅಣ್ಣಂಗೆ ಹೇಳಿ ಸ್ವಲ್ಪ! ದಿಷ್ಟಿ ಗೊಂಬೆ ಇಂಗೆ ನಗ್ತಾ ಕೂತ್ರೆ ಮನೆ ಕತೆ ಏನು?"

ಮನೆಗೇನೂ ಆಗಲಿಲ್ಲ. ಮೋಲ್ಡ್ ಚೆನ್ನಾಗಿ ಕೂತಿತು. ಯಾರೂ ಹೆದರಲಿಲ್ಲ. ಇವರು ಗೆದ್ದರು, ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿದರು. ನನಗೆ ಒಂದು ಮಾತೂ ಕೇಳಿಸಲಿಲ್ಲ. ಮನೆಗೆ ಬಂದವಳೇ ಎತ್ತಿಟ್ಟಿದ್ದ ಬ್ರಷ್ ತೆಗೆದೆ. ಕರು ಹಗ್ಗ ಬಿಚ್ಚಿಕೊಂಡಿತು, ಬಿಚ್ಚಿಕೊಳ್ಳಲಿ ಅಂತ ಬಿಟ್ಟೆ. ಸಂಜೆ ಹಸು ಕರೆದದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಚಿತ್ರ ಮುಗಿಯಿತು. ಇವರು ತುಂಬಾ ಹೊತ್ತು ನೋಡಿದರು.

"ಮಚ್ಚೆ ಎಲ್ಲಿ?" ಅಂದರು.

"ನಕ್ಕರೆ ಕಾಣಿಸಲ್ಲ ರೀ," ಅಂದೆ.

ಅವರು ಎದ್ದು ಹೋದರು. ಒಳಗಿಂದ ಸುತ್ತಿಗೆ ಮತ್ತು ಮೊಳೆ ತಂದರು. ನಡುಮನೆಯಲ್ಲಿ, ಬಾಗಿಲು ತೆರೆದರೆ ಎದುರಿಗೇ ಕಾಣುವಂತೆ ತಾವೇ ತೂಗುಹಾಕಿದರು. ನನಗೆ ನಡುಮನೆಯಲ್ಲೇ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಬಂದರು. ಮಗನ ನಗುಮುಖ ನೋಡಿ ಅವರ ಕಣ್ಣು ಒದ್ದೆಯಾಯಿತು. ಕೂಡಲೇ ಮುಖದಲ್ಲಿ ದಿಗಿಲೂ ಬಂತು.

"ಅಯ್ಯೋ, ಎಷ್ಟು ಚೆಂದಾಗವ್ನೆ ನನ್ನ ಮಗ! ಬಂದೋರು ಹೋದೋರು ನೋಡುದ್ರೆ ದಿಷ್ಟಿ ಆಗಾಕಿಲ್ವಾ? ಪಕ್ದಲ್ಲಿ ಇನ್ನೊಂದು ಬರ್ದು ತಗಲಾಕವ್ವ. ಆ ಭೇರ್ಯದಲ್ಲಿ ತೂಗಾಕವ್ರಲ್ಲ, ಅಂಥದ್ದು!"

ನಾನು ಇವರ ಮುಖ ನೋಡಿದೆ. ನಗುವ ಗಂಡನಿಗೆ ಕಣ್ಣು ಬೀಳದ ಹಾಗೆ ಕೆಕ್ಕರಿಸುವ ಗಂಡನನ್ನು ಕಾವಲಿಗೆ ಹಾಕಬೇಕಂತೆ! ಇವರು ತಮ್ಮ ಚಿತ್ರವನ್ನೂ, ತಮ್ಮ ಅಮ್ಮನನ್ನೂ ನೋಡಿ ತಲೆ ಕೆರೆದುಕೊಂಡರು.

"ಅವ್ವ ಹೇಳೋದೂ ಸರಿನೇ. ಬರಿ ಅಂಗಾರೆ. ಮಚ್ಚೆ ಮರೀಬ್ಯಾಡ."

ಅನುಮತಿ ಸಿಕ್ಕಿತು. ಮೊರ ಸಿದ್ಧ, ಕೆಂಪು ಪೇಂಟ್ ಸಿದ್ಧ. ಕಷ್ಟ ಏನೆಂದರೆ, ಬೆಟ್ಟದಪುರದಿಂದ ಬಂದಮೇಲೆ ಇವರು ಹೋದಲ್ಲಿ ಬಂದಲ್ಲಿ ನಗುತ್ತಲೇ ಇದ್ದಾರೆ. ಆ ಹಳೆಯ ಮುಖ ಎಷ್ಟು ಕಾದರೂ ಬರುತ್ತಿಲ್ಲ. ಎದುರಿಗೆ ನೋಡದೆ ಬರೆಯಲು ಕೈಯೂ ಒಪ್ಪುತ್ತಿಲ್ಲ. ಇದನ್ನು ಬರೆಯುತ್ತಿರುವಾಗ ಅವರು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಿದ್ದಾರೆ, ಮುದ್ದೆ ಬಡಿಸಿದ್ದಾಗಿದೆ, ಬ್ರಷ್ ನನ್ನ ಸೊಂಟದಲ್ಲಿದೆ.

ಇವತ್ತು ಸಾರಿಗೆ ನಾನು ಉಪ್ಪೇ ಹಾಕಿಲ್ಲ.