ಟೈಲರಮ್ಮ ಬಲ್ಬ್ ಹಾಕಿದ್ದು

ಬೀದಿಗೆಲ್ಲ ಅವಳು ಟೈಲರಮ್ಮ. ಪಾಪ, ಮಾತು ಕಮ್ಮಿ ಎಂದು ಜನ ಹೊಗಳುತ್ತಿದ್ದರು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡವಳು ಮಾತಾಡುವುದಾದರೂ ಹೇಗೆ, ನೀವೇ ಹೇಳಿ! ಬೆಳಗ್ಗೆ ಹೊಲಿಗೆ ಮಿಷನ್ ಮುಂದೆ ಕೂತರೆ ಪಿನ್ನು, ಗುಂಡಿ, ಕೊಕ್ಕೆ, ಕೈಗೆ ಸಿಕ್ಕಿದ್ದೆಲ್ಲ ತುಟಿಯ ನಡುವೆ. ಗಿರಾಕಿಗಳ ಜೊತೆಗೂ ಗಂಡನ ಜೊತೆಗೂ "ಹ್ಞೂಂ", "ಊಹ್ಞೂಂ" ಇಷ್ಟರಲ್ಲೇ ವ್ಯವಹಾರ. ಅವಳು ಪಿನ್ನು ತೆಗೆದು ಡಬ್ಬಿಗೆ ಹಾಕಿದಳೆಂದರೆ ಗಂಡನಿಗೆ ಎದೆ ಧಸಕ್ಕೆನ್ನುತ್ತಿತ್ತು.

ಗಂಡ ಬಾಡಿಗೆ ಕಾರಿನ ಡ್ರೈವರು, ಸ್ಟೀರಿಂಗು ಹಿಡಿದೇ ಕೂದಲು ನೆರೆತವನು. ಹೆಂಡತಿ ಲೈಸೆನ್ಸು ಮಾಡಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಕಾರಿನ ಕೀಲಿ ಅವಳ ಕೈಗೆ ಬರುತ್ತಿದ್ದದ್ದು ಕಾರು ತೊಳೆಯುವಾಗ ಮಾತ್ರ. ಇನ್ನೊಬ್ಬರು ಓಡಿಸುವ ಗಾಡಿ ಹತ್ತಿದರಂತೂ ಮುಗೀತು, ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲು ನೋಯಿಸಿಕೊಳ್ಳುವ ಪೈಕಿ. ಎಷ್ಟು ದೂರದ ದಾರಿಯಾದರೂ ಅಂಥ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ.

ಅಂಥವನ ಬಲಗಣ್ಣಿಗೆ ಆಪರೇಷನ್ ಆಗಿ ಪಟ್ಟಿ ಬಿತ್ತು. ಪಟ್ಟಣದ ಆಸ್ಪತ್ರೆಯಿಂದ ಮನೆಗೆ ಕರೆತಂದವನು ಟೈಲರಮ್ಮನ ತಮ್ಮ. ಅವನು ಗಾಡಿ ಓಡಿಸುವ ರಭಸಕ್ಕೆ ಡ್ರೈವರಿನ ಜೀವ ಬಾಯಿಗೆ ಬಂದಿತ್ತು. ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿಸಲು ಮತ್ತೆ ಹೋಗಬೇಕು, ನಸುಕಿನಲ್ಲೇ ಹೊರಡಬೇಕು. ನೋಡಿದರೆ ಸ್ವಂತ ಕಾರಿನ ಬಲಗಡೆ ಹೆಡ್‌ಲೈಟೂ ಕೆಟ್ಟು ಕೂತಿದೆ! ಯಜಮಾನನಿಗೆ ತಕ್ಕ ಗಾಡಿ.

ಟೈಲರಮ್ಮ ಪಿನ್ನನ್ನೆಲ್ಲ ತೆಗೆದು ಡಬ್ಬಿಗೆ ಹಾಕಿದಳು. "ನಾಳೆ ನಾನೇ ಓಡಿಸ್ತೀನಿ."

"ಒಂಟಿಗಣ್ಣಿನ ಗಾಡೀನಾ? ಮೆಕ್ಯಾನಿಕ್ ಬೇರೆ ಊರಲ್ಲಿಲ್ಲ."

"ಬಲ್ಬ್ ಮನೇಲಿದೆಯಲ್ಲ, ನಾನೇ ಹಾಕ್ತೀನಿ."

ಅವನಿಗೆ ನಗು ತಡೆಯಲಾಗಲಿಲ್ಲ. "ಆಯ್ತಮ್ಮ. ಕತ್ತಲಾಗೋದ್ರೊಳಗೆ ಲೈಟ್ ಉರಿದ್ರೆ ನೀನೇ ಓಡ್ಸು. ಇಲ್ಲಾಂದ್ರೆ ನಿನ್ ತಮ್ಮನೇ ಗತಿ."

ಟೈಲರಮ್ಮನಿಗೆ ಅಷ್ಟೇ ಸಾಕಾಗಿತ್ತು. ಅವಳಿಗೆ ಬೇಕಾಗಿದ್ದು ಕಾರಲ್ಲ. ಈ ಮನುಷ್ಯ ಒಂದೇ ಒಂದು ಸಲ ತನ್ನನ್ನು ನಂಬಿ ಪಕ್ಕದಲ್ಲಿ ಕೂರಬೇಕು ಎಂಬ ಆಸೆ ಬಹಳ ದಿನದಿಂದ ಒಳಗೇ ಕೊರೆಯುತ್ತಿತ್ತು.

ಅಂಗಳದಲ್ಲಿ ಬಾನೆಟ್ಟು ಎತ್ತಿದರು. ಡ್ರೈವರು ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡತೊಡಗಿದ. ಬ್ಯಾಟರಿಗೂ ದೀಪಕ್ಕೂ ನಡುವೆ ಇದ್ದ ಸಂದಿ ಅಂಗೈ ಅಗಲ. ಅವನ ದಪ್ಪ ಕೈ ಹೋಗದೆ ಪ್ರತಿ ಸಲವೂ ಬ್ಯಾಟರಿಯನ್ನೇ ಬಿಚ್ಚಿಡುತ್ತಿದ್ದ. ಕೋಟಿನ ಒಳಜೇಬಿಗೆ ನೋಡದೆಯೇ ಹೊಲಿಗೆ ಹಾಕುವ ಟೈಲರಮ್ಮನ ಕೈ ಸಲೀಸಾಗಿ ಒಳಗೆ ಹೋಯಿತು. ರಬ್ಬರ್ ಮುಚ್ಚಳ ಬಂತು, ವೈರಿನ ಪ್ಲಗ್ಗು ಬಂತು. ಬಲ್ಬನ್ನು ಒತ್ತಿ ಹಿಡಿಯುವ ತಂತಿಯ ಕ್ಲಿಪ್ಪು ಮಾತ್ರ ಸವೆದು ಸಡಿಲವಾಗಿತ್ತು, ಬಿಡಿಸುತ್ತಿದ್ದ ಹಾಗೇ ಕಿತ್ತು ಕೈಗೇ ಬಂತು. ಎರಡೂ ಕೈಗೆ ಕೆಲಸವಿತ್ತಲ್ಲ, ಟೈಲರಮ್ಮ ಅದನ್ನು ಎಲ್ಲಿಡಬೇಕೋ ಅಲ್ಲೇ ಇಟ್ಟಳು. ತುಟಿಯ ನಡುವೆ.

"ಹೊಸಾ ಬಲ್ಬಿನ ಗಾಜು ಮುಟ್ಬೇಡ! ಬೆರಳಿನ ಜಿಡ್ಡು ತಾಗಿದ್ರೆ ಬೇಗ ಸುಟ್ಟೋಗತ್ತೆ."

"ಹ್ಞೂಂ," ಎಂದಳು. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಹಿಡಿದು ಬಲ್ಬನ್ನು ಕೂರಿಸಿದಳು.

"ಈಗ ಕ್ಲಿಪ್ಪು."

ಕ್ಲಿಪ್ಪು! ಬ್ಯಾಟರಿಯ ಮೇಲಿಲ್ಲ, ಜೇಬಿನಲ್ಲಿಲ್ಲ. ಕಾರಿನ ಕೆಳಗೆ ಕಸಬರಿಕೆ ಆಡಿಸಿದಳು, ಮಣ್ಣು ಬಂತು. ಡ್ರೈವರು ಕೆಳಗೆ ಬಗ್ಗಿ ಹುಡುಕಲು ಹೊರಟ, ಡಾಕ್ಟರು ಬಗ್ಗಬೇಡಿ ಎಂದಿದ್ದರು, "ಊಹ್ಞೂಂ! ಊಹ್ಞೂಂ!" ಎಂದು ಗದರಿ ಅವನನ್ನು ಕುರ್ಚಿಗೆ ತಳ್ಳಿದಳು. ಅಲ್ಲ, ತಂತಿ ಅವಳ ತುಟಿಯಾಚೆ ಇಷ್ಟುದ್ದ ಚಾಚಿಕೊಂಡಿದೆ, ಗಂಡ ಎದುರಿಗೇ ಕೂತು ಮುಖ ನೋಡುತ್ತಿದ್ದಾನೆ! ಆದರೆ ಆ ಬಾಯಲ್ಲಿ ಏನೋ ಒಂದು ಇಲ್ಲದ ದಿನವನ್ನು ಅವನು ಕಂಡಿದ್ದರಲ್ಲವೇ ಗೊತ್ತಾಗುವುದು? ಮೂಗಿನ ಕೆಳಗೆ ಲೋಹ ಇರುವುದು ಇಬ್ಬರಿಗೂ ರೂಢಿ.

ಬಿಸಿಲು ಗೋಡೆ ಹತ್ತಿ ಹೋಯಿತು. ಟೈಲರಮ್ಮನ ಕಣ್ಣಲ್ಲಿ ನೀರಾಡಿತು. ಇಷ್ಟು ಮಾಡಿ, ಒಂದು ತುಂಡು ತಂತಿಗೆ ಸೋಲುವುದೇ? ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಡ್ರೈವರು ಅದನ್ನು ಅವಳ ಕಿವಿಗೆ ಹಿಡಿದ.

"ಅಕ್ಕಾ, ಏನಾಯ್ತು? ನಾಳೆ ನಾನೇ ಬರ್ಲಾ?"

ಇನ್ನೇನು ಉಳಿದಿದೆ? ಬಾ ಮಾರಾಯ ಎನ್ನಲು ಬಾಯಿ ತೆರೆದಳು. ಟಣ್ಣೆಂದು ಏನೋ ಬಿತ್ತು, ಬಂಪರಿನ ಮೇಲೆ. ಗಂಡ ಹೆಂಡತಿ ಇಬ್ಬರೂ ಅತ್ತ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಬರಬೇಡ ಕಣೋ!" ಎಂದು ಕಿರುಚಿದಳು ಟೈಲರಮ್ಮ. ಆ ಕಡೆ ತಮ್ಮನಿಗೆ ಏನು ತಪ್ಪಾಯಿತೆಂದು ತಿಳಿಯಲೇ ಇಲ್ಲ. ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ, ಪಟ್ಟಿ ಕಟ್ಟಿದ ಕಣ್ಣು ನೋಯುತ್ತಿದ್ದರೂ ನಕ್ಕ. ಕ್ಲಿಪ್ಪು ಕೂತಿತು, ಸ್ವಿಚ್ಚು ಒತ್ತಿದರೆ ಎದುರಿನ ಗೋಡೆಯ ಮೇಲೆ ಎರಡು ಬೆಳಕು.

ಮಾರನೆಯ ನಸುಕಿನಲ್ಲಿ ಡ್ರೈವರು ಕಾರಿನ ಮುಂದೆ ನಿಂತು ಎರಡೂ ದೀಪ ಪರೀಕ್ಷಿಸಿದ. ಕೀಲಿ ಕೊಡುವಾಗ ಅವಳ ಮುಖವನ್ನು ಹತ್ತಿರದಿಂದ ನೋಡಿದ.

"ಬಾಯಲ್ಲಿ ಏನೂ ಇಲ್ಲ ತಾನೆ?"

"ಇಲ್ಲ. ಬೇಕಾದ್ರೆ ಬಯ್ದು ತೋರಿಸ್ಲಾ?"

ಬೀದಿಯ ಕೊನೆಯವರೆಗೆ ಅವನ ಕಾಲು ಬ್ರೇಕು ತುಳಿಯುತ್ತಲೇ ಇತ್ತು. "ನಿಧಾನ, ಗೇರು ಬದಲಾಯ್ಸು, ಆ ಹಳ್ಳ ನೋಡು." ಹೆದ್ದಾರಿ ಹತ್ತಿದ ಮೇಲೆ ಮಾತು ನಿಂತಿತು. ಕೋಪ ಬಂತೇನೋ ಎಂದು ಟೈಲರಮ್ಮ ಅಳುಕುತ್ತಾ ಪಕ್ಕಕ್ಕೆ ನೋಡಿದಳು. ಗಂಡ ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಪಟ್ಟಿ ಇಲ್ಲದ ಕಣ್ಣೂ ಮುಚ್ಚಿತ್ತು.

ಮುಂದೆ ಒಂದು ಲಾರಿ ತೆವಳುತ್ತಾ ಹೋಗುತ್ತಿತ್ತು. ಹಾರ್ನಿನತ್ತ ಹೋದ ಕೈಯನ್ನು ಟೈಲರಮ್ಮ ಹಿಂದಕ್ಕೆ ತೆಗೆದುಕೊಂಡಳು, ಪಟ್ಟಣ ಬರುವವರೆಗೂ ಅದರ ಹಿಂದೆಯೇ ಹೋದಳು.